ಏಕಾದಶಿಯ ಕ್ಲೋನ್

ಡೊಂಬಿವಲಿ ಪೂರ್ವ,
೨ ಜೂನ್ ೨೦೨೫

ಚಿ. ಅಪರ್ಣಾಳಿಗೆ ಆಶೀರ್ವಾದಗಳು.

'ಚಿ. ಸೌ.' ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಡೈವೋರ್ಸ್ ಆದ ಸೊಸೆಗೆ ಕಾಗದ ಹೇಗೆ ಶುರು ಮಾಡಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟಿಲ್ಲ. ಆಶೀರ್ವಾದಕ್ಕೆ ಕೋರ್ಟಿನ ಅಪ್ಪಣೆ ಬೇಡವಲ್ಲ ಎಂದುಕೊಂಡು ಅದನ್ನು ಮಾತ್ರ ಪೂರ್ತಿ ಬರೆದಿದ್ದೇನೆ.

ಫೋನ್ ಮಾಡಬಹುದಿತ್ತು. ನಿನ್ನ ನಂಬರು ಈಗ ನನ್ನ ಫೋನಿನಲ್ಲಿಲ್ಲ. ಯಾರು ತೆಗೆದರೆಂದು ಅಭಿಜಿತನನ್ನು ಕೇಳಲಿಲ್ಲ. ಮಗ ಬೆಳೆದ ಮೇಲೆ ಕೆಲವು ಪ್ರಶ್ನೆಗಳನ್ನು ಅಪ್ಪನಾದವನು ನುಂಗಿಕೊಳ್ಳಬೇಕು. ಹೋದ ವರ್ಷ ನನ್ನ ಹಳೆಯ ಕನ್ನಡಕ ನಿನ್ನ ಬ್ಯಾಗಿನಲ್ಲಿ ಸಿಕ್ಕಿತೆಂದು ಕೊರಿಯರ್ ಮಾಡಿದ್ದೆಯಲ್ಲ, ಆ ಕವರಿನ ಮೇಲೆ ನಿನ್ನ ಘನ್ಸೋಲಿಯ ವಿಳಾಸವಿತ್ತು. ಕನ್ನಡಕ ಈಗ ಕಣ್ಣಿಗೆ ಹೊಂದುವುದಿಲ್ಲ. ಕವರನ್ನು ಇಟ್ಟುಕೊಂಡಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಕಂಪ್ಯೂಟರು ಅಡಿಕೆ ಕತ್ತರಿಸಿದ ಹಾಗೆ ಕಟ್ ಕಟ್ ಎನ್ನುತ್ತಿದೆ. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯ ಯತಿನ್ ಕಿವಿಯಿಟ್ಟು ಕೇಳಿ, "ಅಂಕಲ್, ಡಿಸ್ಕ್ ಜಾನೇವಾಲೀ ಹೈ. ಕ್ಲೋನ್ ಕರೂಂ ಯಾ ಇಮೇಜ್ ಲೂಂ?" ಎಂದ. ಡಿಸ್ಕ್ ಸಾಯುತ್ತಿದೆ, ಒಳಗಿನದನ್ನು ಉಳಿಸಲು ಈ ಎರಡರಲ್ಲಿ ಯಾವುದು ಮಾಡಲಿ ಎಂದು ಪ್ರಶ್ನೆ. ಎಲ್ಲ ಗೊತ್ತಿರುವವನಂತೆ ತಲೆಯಾಡಿಸಿ, ನಾಳೆ ಹೇಳುವೆನೆಂದು "ಕಲ್ ಬತಾತಾ ಹೂಂ" ಎಂದು ಬಂದುಬಿಟ್ಟೆ. ಈ ಕಂಪ್ಯೂಟರನ್ನು ಏಳು ವರ್ಷ ನೋಡಿಕೊಂಡವಳು ನೀನು. ಅಭಿ ವಾಗ್ಳೆ ಎಸ್ಟೇಟಿನ ಆಫೀಸಿನಿಂದ ಬರುವಾಗಲೇ ಮುಖ ಬಾಡಿಸಿಕೊಂಡು ಬರುತ್ತಾನೆ, ಅವನಿಗೆ ಇನ್ನೊಂದು ಭಾರ ಬೇಡ.

ಅದರಲ್ಲಿ ಏನಿದೆ ಎಂದು ನಿನಗೆ ಗೊತ್ತು. ಲಾಕ್‌ಡೌನಿನಲ್ಲಿ ನೀನು ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತು ರೆಕಾರ್ಡ್ ಮಾಡಿದ್ದು, ನಿನ್ನ ಅತ್ತೆ ವೇದಾವತಿ ಹೇಳಿಕೊಟ್ಟ ಮೂವತ್ತೊಂದು ಅಡುಗೆ. ಅವಳು ತೀರಿಹೋಗಿ ಮೂರು ವರ್ಷ ದಾಟಿತು. ಮೂವತ್ತಮೂರು ವರ್ಷ ನೌಪಾಡಾದ ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಒಂದು ಒಗ್ಗರಣೆ ನೆಟ್ಟಗೆ ಬರುವುದಿಲ್ಲ. ದಿನಾ ಬೆಳಿಗ್ಗೆ ಒಂದನ್ನು ಹಾಕಿ ಕೇಳಿಕೊಂಡು ಒಲೆ ಹಚ್ಚುತ್ತೇನೆ. ಸತ್ಯ ಹೇಳಬೇಕೆಂದರೆ ಅಡುಗೆಗಾಗಿ ಕೇಳುವುದು ಅರ್ಧ ಮಾತ್ರ.

ಕ್ಲೋನೋ ಇಮೇಜೋ, ಎರಡು ಸಾಲು ಬರೆದು ಹಾಕು.

ಮುರಾರಿ


ಘನ್ಸೋಲಿ,
೧೧ ಜೂನ್ ೨೦೨೫

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಮೂರು ದಿನ ಫ್ರಿಜ್ ಮೇಲೆ ಕೂತಿತ್ತು. ತೆರೆಯಲು ಹೆದರಿಕೆ. ಒಳಗೆ ಹಾರ್ಡ್ ಡಿಸ್ಕ್ ಇದೆಯೆಂದು ಗೊತ್ತಿದ್ದರೆ ಅವತ್ತೇ ತೆರೆಯುತ್ತಿದ್ದೆ. ನಿಮ್ಮನ್ನು ಬೇರೆ ಏನೆಂದು ಕರೆಯಬೇಕೋ ನನಗೂ ತಿಳಿಯಲಿಲ್ಲ, ಅಭ್ಯಾಸದ ಮಾತೇ ಬಂತು. ಬೇಡವೆಂದರೆ ತಿಳಿಸಿ.

ಕ್ಲೋನ್ ಎಂದರೆ ಒಂದು ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದ ಹಾಗೇ ಇನ್ನೊಂದು ಡಿಸ್ಕಿಗೆ ಇಳಿಸುವುದು. ಮೊದಲನೆಯದು ಕೆಟ್ಟರೆ ಎರಡನೆಯದನ್ನು ಸಿಕ್ಕಿಸಿ ಸ್ವಿಚ್ ಒತ್ತಿದರೆ ಆಯಿತು, ಅದೇ ಮನೆ, ಅದೇ ಸಾಮಾನು. ಆದರೆ ಅದರಲ್ಲಿ ಒಂದೇ ದಿನ ಇರುತ್ತದೆ. ಪ್ರತಿ ಸಲ ಕ್ಲೋನ್ ಮಾಡಿದಾಗ ಹಿಂದಿನದು ಅಳಿಸಿಹೋಗುತ್ತದೆ. ಇಮೇಜ್ ಎಂದರೆ ಇಡೀ ಡಿಸ್ಕನ್ನು ಒತ್ತಿ ಒಂದು ದೊಡ್ಡ ಫೈಲ್ ಮಾಡಿ ಇಡುವುದು. ಮೇ ತಿಂಗಳದ್ದು ಬೇರೆ, ಜೂನಿನದು ಬೇರೆ, ಅತ್ತೆ ಉಪ್ಪಿನಕಾಯಿ ಭರಣಿಗೆ ತಾರೀಕಿನ ಚೀಟಿ ಅಂಟಿಸುತ್ತಿದ್ದ ಹಾಗೆ. ಕಂಪ್ಯೂಟರ್ ಕೆಟ್ಟರೆ ಅದನ್ನು ಮತ್ತೆ ಡಿಸ್ಕಿಗೆ ತುಂಬಿಸಲು ಒಂದೆರಡು ತಾಸು ಬೇಕು, ಕೊಂಚ ತಲೆನೋವು. ಆದರೆ ಹಳೆಯ ಯಾವುದೇ ದಿನದೊಳಗೆ ಹೋಗಿ ಬೇಕಾದ ಒಂದೇ ಫೈಲನ್ನು ತೆಗೆದುಕೊಂಡು ಬರಬಹುದು.

ಈಗ ಹೊಸ ಡಿಸ್ಕಿಗೆ ಒಂದು ಸಲ ಕ್ಲೋನ್ ಮಾಡಿಸಿ. ಆಮೇಲೆ ತಿಂಗಳಿಗೊಂದು ಇಮೇಜ್ ಇಡಿ. ಅತ್ತೆಯ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೂ ಹಾಕಿಸಿ. ನನ್ನ ಫೋನಿನಲ್ಲಿದ್ದ ಮೂಲ ರೆಕಾರ್ಡಿಂಗು ಪನ್ವೇಲ್ ಲೋಕಲ್ ರೈಲಿನಲ್ಲಿ ಫೋನ್ ಕಳೆದಾಗಲೇ ಹೋಯಿತು, ನಿಮಗೆ ನೆನಪಿರಬಹುದು.

ನನ್ನ ನಂಬರು ಬರೆದಿಲ್ಲ. ನಿಮ್ಮ ದನಿ ಕೇಳಿದರೆ ಡಿಸ್ಕಿನ ಮಾತು ಮುಗಿಸುವುದು ನನ್ನಿಂದಾಗದು.

ಅಪರ್ಣಾ


ಡೊಂಬಿವಲಿ,
೧೯ ಜೂನ್ ೨೦೨೫

ಚಿ. ಅಪರ್ಣಾ,

ಮಾವ ಎಂದೇ ಬರೆ. ಕೇಳಿದರೆ ಕಿವಿಗೇನೂ ನೋವಾಗುವುದಿಲ್ಲ.

ಯತಿನ್‌ನಿಂದ ಎರಡು ಹೊಸ ಡಿಸ್ಕ್ ತರಿಸಿದೆ. ಒಂದು ಒಳಗೆ ಕೂತಿತು. ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಹೊರಗೆ. ಹಳೆಯ ಡಿಸ್ಕನ್ನು ಹಾಗೇ ಗುಜರಿಯ ಭಂಗಾರಿಗೆ ಕೊಡಬಾರದು, ಯಾರಾದರೂ ಒಳಗಿನದನ್ನು ಓದುತ್ತಾರೆ ಎಂದ. ಮನೆಗೆ ತಂದು ಬಾಲ್ಕನಿಯಲ್ಲಿ ಕೂತು, ತೆಂಗಿನಕಾಯಿ ಒಡೆಯುವ ಕತ್ತಿಯ ಹಿಂಬದಿಯಿಂದ ನಾಲ್ಕು ಕೊಟ್ಟೆ. ಏನಾಯಿತೋ ಎಂದು ಗಾಬರಿಯಾಗಿ ಕೆಳಮನೆಯ ಕಾಂಚನಾ ಬಾಯಿ, "ಕಾಯ್ ಝಾಲಂ, ಅಣ್ಣಾ?" ಎಂದು ಕೂಗಿದರು.

ಆದರೆ ನಿನ್ನ ಇಮೇಜಿನ ಮಾತು ನನಗೆ ಒಗ್ಗಲಿಲ್ಲ. ನಮ್ಮ ಹೋಟೆಲಿನಲ್ಲಿ ಎರಡು ಗ್ರೈಂಡರ್ ಇತ್ತು. ಒಂದು ನಿಂತರೆ ಇನ್ನೊಂದರ ಸ್ವಿಚ್ ಒತ್ತಿದರಾಯಿತು, ಗಿರಾಕಿಗೆ ದೋಸೆ ತಡವಾಗುತ್ತಿರಲಿಲ್ಲ. ಕ್ಲೋನ್ ಎಂದರೆ ಅದೇ ತಾನೆ? ನನ್ನಂಥವನಿಗೆ ಅದೇ ಸರಿ. ಯತಿನ್ ಬಟನ್ ತೋರಿಸಿಕೊಟ್ಟಿದ್ದಾನೆ. ಮರೆಯಬಾರದೆಂದು ಏಕಾದಶಿಗೆ ಕಟ್ಟಿದ್ದೇನೆ: ಹದಿನೈದು ದಿನಕ್ಕೊಮ್ಮೆ ನಾನು ಉಪವಾಸ ಕೂರುವ ದಿನ ಕಂಪ್ಯೂಟರಿಗೆ ಕ್ಲೋನ್. ಐವತ್ತು ವರ್ಷದಲ್ಲಿ ಒಂದೂ ಏಕಾದಶಿ ತಪ್ಪಿಸಿದವನಲ್ಲ, ಕ್ಲೋನೂ ತಪ್ಪದು. ಪೆನ್‌ಡ್ರೈವ್ ಬೇಡ ಬಿಡು. ಎಲ್ಲವೂ ನಕಲಾದ ಮೇಲೆ ಅದೊಂದನ್ನೇ ಮತ್ತೆ ನಕಲು ಮಾಡುವುದು ಏಕೆ? ಅನ್ನಕ್ಕೆ ಎರಡು ಸಲ ಉಪ್ಪು ಹಾಕುತ್ತಾರೆಯೇ?

ಇನ್ನೊಂದು ಸುದ್ದಿ. ಬೇರೆ ಯಾರಿಂದಲೋ ಕೇಳುವುದಕ್ಕಿಂತ ನನ್ನಿಂದ ಕೇಳುವುದು ಒಳ್ಳೆಯದು. ಬದಲಾಪುರದಿಂದ ರಮಿತಾ ಎಂಬ ಹುಡುಗಿಯ ಮನೆಯವರು ಜುಲೈ ಮೊದಲ ವಾರ ಮನೆ ನೋಡಲು ಬರುತ್ತಾರೆ. ಅಭಿ ಒಪ್ಪಿದ್ದಾನೆ. ನೀನು ಬೇಸರ ಮಾಡಿಕೊಳ್ಳಬಾರದೆಂದು ಬರೆಯಲು ಹೋದೆ. ಅದನ್ನು ಹೇಳಲು ನಾನು ಯಾರು?

ಮಾವ


ಡೊಂಬಿವಲಿ,
೮ ಜುಲೈ ೨೦೨೫

ಅಪರ್ಣಾ,

ಅನರ್ಥವಾಗಿದೆ. ವೇದಾ ಇಲ್ಲ.

ಕ್ರಮವಾಗಿ ಬರೆಯುತ್ತೇನೆ. ಮೊನ್ನೆ ಭಾನುವಾರ ಆಷಾಢದ ಏಕಾದಶಿ. ಬೆಳಿಗ್ಗೆ ಮಠಕ್ಕೆ ಹೋಗಿ, ಸಾಲಿನಲ್ಲಿ ಮೂರು ತಾಸು ನಿಂತು, ತೋಳಿಗೆ ಕಾಸಿದ ಮುದ್ರೆ ಹಾಕಿಸಿಕೊಂಡು ಬಂದೆ. ತೋಳು ಉರಿಯುತ್ತಿರುವಾಗಲೇ ಕಂಪ್ಯೂಟರ್ ಮುಂದೆ ಕೂತು ಕ್ಲೋನ್ ಮಾಡಿದೆ. ಎಂಥ ಶ್ರದ್ಧೆ ನೋಡು. ನಿನ್ನೆ ದ್ವಾದಶಿ. ಬೇಗ ಎದ್ದು ಪಾರಣೆಗೆ ಅಡುಗೆ ಆಗಬೇಕು. ನಿನ್ನೆಯಿಂದ ಶಾಕವ್ರತ ಬೇರೆ, ಒಂದು ತಿಂಗಳು ತರಕಾರಿ ಇಲ್ಲ, ಹುಣಸೆ ಇಲ್ಲ, ಮೆಣಸಿನಕಾಯಿ ಇಲ್ಲ. ಹೆಸರುಬೇಳೆಗೆ ಒಣಮಾವು ಹಾಕಿ ವೇದಾ ಒಂದು ಸಾರು ಮಾಡುತ್ತಿದ್ದಳಲ್ಲ, ಏಳನೇ ರೆಕಾರ್ಡಿಂಗು, ಅದನ್ನು ಕೇಳಲು ಕೂತರೆ ಫೋಲ್ಡರೇ ಇಲ್ಲ.

ಆ ಫೋಲ್ಡರಿಗೆ ನಿನ್ನ ಹೆಸರಿತ್ತು. ಹೆಸರಿಟ್ಟವಳು ವೇದಾ. "ಅಪರ್ಣಾಗೆ ಹೇಳ್ಕೊಟ್ಟದ್ದಲ್ವಾ, ಅವಳ ಹೆಸರೇ ಇರ್ಲಿ ಮಾರಾಯ್ರೆ" ಎಂದಿದ್ದಳು. ಬದಲಾಪುರದವರು ಬರುತ್ತಾರೆಂದು ಶನಿವಾರ ಅಭಿ ಇಡೀ ಮನೆ ಶುಚಿ ಮಾಡಿದ. ಗೋಡೆಯ ಫೋಟೋ ತೆಗೆದ, ಕಪಾಟು ಖಾಲಿ ಮಾಡಿದ, ಕಂಪ್ಯೂಟರಿನಲ್ಲೂ ನಿನ್ನ ಹೆಸರು ಕಂಡದ್ದನ್ನು ತೆರೆದೂ ನೋಡದೆ ಪೂರ್ತಿ ಅಳಿಸಿಹಾಕಿದ. ನಿಮ್ಮಿಬ್ಬರ ಫೋಟೋಗಳೆಂದು ತಿಳಿದಿರಬೇಕು. ಅಮ್ಮ ಅದರೊಳಗಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಎದ್ದು ಹೊರಗೆ ಬರುವ ಮೊದಲೇ ಕೇಳಿ ಮುಗಿಸುತ್ತಿದ್ದೆನಲ್ಲ. ನಾನು ಹೆಂಡತಿಯ ದನಿ ಕೇಳಿ ಕಣ್ಣೊರೆಸಿಕೊಳ್ಳುವುದನ್ನು ಮಗ ನೋಡಬಾರದೆಂಬ ನಾಚಿಕೆ ನನ್ನದು.

ಡಬ್ಬಿಯ ಡಿಸ್ಕ್ ಇದೆಯಲ್ಲ ಎಂದು ಸಿಕ್ಕಿಸಿದೆ. ಅದರಲ್ಲೂ ಇಲ್ಲ. ಶನಿವಾರ ಅವನು ಅಳಿಸಿದ್ದನ್ನು ಭಾನುವಾರ ನಾನು ಉಪವಾಸ ಕೂತು, ಮಡಿಯಲ್ಲಿ, ಶ್ರದ್ಧೆಯಿಂದ ನಕಲು ಮಾಡಿದ್ದೇನೆ. ಇದ್ದದ್ದನ್ನು ಮಾತ್ರವಲ್ಲ, ಇಲ್ಲದ್ದನ್ನೂ ಕ್ಲೋನ್ ತಪ್ಪದೆ ನಕಲು ಮಾಡುತ್ತದೆ. ಒಂದು ಏಕಾದಶಿ ತಪ್ಪಿಸಿದ್ದರೆ ಅವಳು ಉಳಿಯುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಭಿಗೆ ಹೇಳಿಲ್ಲ. ತನ್ನ ಕೈಯಾರೆ ಅಮ್ಮನ ದನಿ ಅಳಿಸಿದೆನೆಂದು ಗೊತ್ತಾದರೆ ಆ ಹುಡುಗ ಏನಾಗುತ್ತಾನೆ? ಯಾವುದಾದರೂ ದಾರಿ ಇದ್ದರೆ ಹೇಳು. ಇಲ್ಲದಿದ್ದರೂ ಬರೆ.

ಮುರಾರಿ


ಡೊಂಬಿವಲಿ,
೩೦ ಜುಲೈ ೨೦೨೫

ಚಿ. ಅಪರ್ಣಾ,

ನಿನ್ನಿಂದ ಉತ್ತರ ಬರಲಿಲ್ಲ. ರಮಿತಾಳ ಸುದ್ದಿ ಬರೆದು ನಿನ್ನನ್ನು ನೋಯಿಸಿದೆನೇನೋ.

ಯತಿನ್ ಎರಡೂ ಡಿಸ್ಕನ್ನು ನಾಲ್ಕು ದಿನ ಇಟ್ಟುಕೊಂಡು ಕೈಚೆಲ್ಲಿದ. ಹೊಸ ನಮೂನೆಯ ಡಿಸ್ಕಿನಲ್ಲಿ ಅಳಿಸಿದ್ದು ಉಳಿಯುವುದಿಲ್ಲವಂತೆ. ಹಳೆಯ ಡಿಸ್ಕನ್ನು ತರಲು ಹೇಳಿದ. ಕತ್ತಿಯ ಕಥೆ ಹೇಳಿದೆ. ಅವನು ನನಗೆ ಚಹಾ ತರಿಸಿದ.

ಒಣಮಾವಿನ ಸಾರನ್ನು ನೆನಪಿನಿಂದ ಮೂರು ಸಲ ಮಾಡಿದೆ. ಮೂರೂ ಬೇರೆ ಬೇರೆಯಾಯಿತು, ಒಂದೂ ಅವಳದ್ದಲ್ಲ. ಮನೆಯಲ್ಲಿ ಬೆಳಿಗ್ಗೆ ಬಹಳ ಸದ್ದಿಲ್ಲದಂತಾಗಿದೆ.

ಮಾವ


ಘನ್ಸೋಲಿ,
೧೭ ಆಗಸ್ಟ್ ೨೦೨೫

ಮಾವನವರಿಗೆ ನಮಸ್ಕಾರಗಳು.

ಐದು ವಾರ ಬರೆಯದಿದ್ದುದಕ್ಕೆ ರಮಿತಾ ಕಾರಣಳಲ್ಲ. ಅವರಿಗೆ ಒಳ್ಳೆಯದಾಗಲಿ. ಕಾರಣ ನನ್ನ ಕಪಾಟಿನಲ್ಲಿದೆ.

೨೦೨೩ರ ಮಾರ್ಚಿನಲ್ಲಿ ಮನೆ ಬಿಟ್ಟ ದಿನ ಬೆಳಿಗ್ಗೆ ಸೂಟ್‌ಕೇಸ್ ತುಂಬುತ್ತಿದ್ದೆ. ನೀವು ವಾಕಿಂಗ್ ಹೋಗಿದ್ದಿರಿ, ಅಭಿ ಬೇಕೆಂದೇ ಬೇಗ ಹೊರಟುಹೋಗಿದ್ದರು. ಒಂದು ಕಡೆ ಸೀರೆ ಮಡಿಸುತ್ತಾ ಇನ್ನೊಂದು ಕಡೆ ಕಂಪ್ಯೂಟರಿನ ಇಮೇಜ್ ತೆಗೆಯುತ್ತಿದ್ದೆ. ತಿಂಗಳಿಗೊಮ್ಮೆ ಮಾಡುವ ಕೆಲಸ, ಕೊನೆಯ ಸಲ ಮಾಡಿಟ್ಟು ಹೋಗೋಣವೆಂದು ಶುರು ಮಾಡಿದ್ದು. ಮುಗಿದ ಮೇಲೆ ಆ ಡಿಸ್ಕನ್ನು ನಿಮ್ಮ ಮೇಜಿನ ಮೇಲೆ ಇಡಬೇಕಿತ್ತು. ಸೀರೆಯ ನಡುವೆ ಇಟ್ಟುಕೊಂಡೆ. ಯಾರನ್ನೂ ಕೇಳಲಿಲ್ಲ. ಕಳ್ಳತನವೆಂದರೆ ಕಳ್ಳತನ.

ಆಮೇಲೆ ಕೋರ್ಟಿನಲ್ಲಿ ಸಹಿ ಹಾಕಿ ಹೊರಗೆ ಬಂದಾಗ ಅಭಿ ಒಂದೇ ಮಾತು ಕೇಳಿದರು: "ನಮ್ಮ ಮನೇದು ಏನೂ ನಿನ್ನ ಹತ್ರ ಇರಬಾರದು. ಫೋಟೋ ಬಿಟೋ, ಕುಛ್ ಭೀ ನಹೀ. ಇದ್ಯಾ?" ನಾನು ಕಣ್ಣಲ್ಲಿ ಕಣ್ಣಿಟ್ಟು "ಏನೂ ಇಲ್ಲ" ಎಂದೆ. ನಮ್ಮಿಬ್ಬರ ನಡುವೆ ಜಗಳ ಬಹಳ ಆಗಿತ್ತು, ಸುಳ್ಳು ಮಾತ್ರ ಆಗಿರಲಿಲ್ಲ. ಆ ಒಂದು ನಂಬಿಕೆ ಉಳಿದಿತ್ತು, ಅದನ್ನೂ ನಾನು ಕೆಡಿಸಿದೆ. ನಿಮ್ಮ ಜುಲೈ ಕಾಗದ ಓದಿದ ದಿನದಿಂದ ಡಿಸ್ಕನ್ನು ಕೈಗೆ ತೆಗೆದುಕೊಳ್ಳುವುದು, ಮತ್ತೆ ಇಡುವುದು. ಕೊಟ್ಟರೆ ಅವರ ಕಣ್ಣಲ್ಲಿ ನಾನು ಸುಳ್ಳಿ. ಕೊಡದಿದ್ದರೆ ನಿಮ್ಮ ಮನೆಯ ಬೆಳಗು ನನ್ನ ಕಪಾಟಿನಲ್ಲಿ ಬೀಗ ಹಾಕಿ ಕೂತಿರುತ್ತದೆ. ಇಷ್ಟು ಸಣ್ಣ ಲೆಕ್ಕಕ್ಕೆ ಐದು ವಾರ ಬೇಕಾಯಿತು, ಕ್ಷಮಿಸಿ.

ಅತ್ತೆ ಅದರಲ್ಲಿದ್ದಾರೆ. ಮೂವತ್ತೊಂದೂ ಇದೆ.

ಎರಡು ದಾರಿಯಿದೆ. ಇಡೀ ಇಮೇಜನ್ನು ನಿಮ್ಮ ಕಂಪ್ಯೂಟರಿಗೆ ತುಂಬಿಸಿದರೆ ಅದು ಆ ದಿನಕ್ಕೆ ಹಿಂತಿರುಗುತ್ತದೆ, ಎಲ್ಲವೂ ಇದ್ದಲ್ಲೇ ಇರುತ್ತದೆ. ಆದರೆ ಆಮೇಲೆ ಸೇರಿದ್ದೆಲ್ಲ ಹೋಗುತ್ತದೆ. ಇಲ್ಲವೆಂದರೆ ಆ ಫೋಲ್ಡರನ್ನು ಮಾತ್ರ ತೆಗೆದು ಪೆನ್‌ಡ್ರೈವಿಗೆ ಹಾಕುತ್ತೇನೆ. ನೀವು ಹೇಳಿದಂತೆ.

ಅಪರ್ಣಾ


ಡೊಂಬಿವಲಿ,
೨೨ ಆಗಸ್ಟ್ ೨೦೨೫

ಚಿ. ಅಪರ್ಣಾಳಿಗೆ ಅನೇಕ ಆಶೀರ್ವಾದಗಳು.

ಕಾಗದವನ್ನು ದೇವರ ಮುಂದೆ ಇಟ್ಟು ಬಂದು ಬರೆಯುತ್ತಿದ್ದೇನೆ. ಕಳ್ಳಿ ಎಂದು ನಿನ್ನನ್ನು ನೀನೇ ಬೈದುಕೊಂಡಿದ್ದೀ. ಇಂಥ ಕಳ್ಳಿ ಮನೆಗೊಬ್ಬಳಿದ್ದರೆ ಸಾಕು.

ಮೊದಲನೆಯ ದಾರಿ ಓದಿ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಸ್ವಿಚ್ ಒತ್ತಿದರೆ ೨೦೨೩ರ ಮಾರ್ಚ್, ನೀನು ಒಳಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿ, ನಾನು ಕಾಫಿಗೆ ಕೂಗುವುದು. ಒಂದು ಇಡೀ ಮಧ್ಯಾಹ್ನ ಅದನ್ನೇ ಯೋಚಿಸುತ್ತಾ ಕೂತೆ. ಆದರೆ ಕಂಪ್ಯೂಟರು ಹಿಂದೆ ಹೋದರೆ ಮನೆ ಹಿಂದೆ ಹೋಗುತ್ತದೆಯೇ? ಕಳೆದ ವಾರ ರಮಿತಾಳ ನಿಶ್ಚಿತಾರ್ಥದ ಫೋಟೋ ಬಂದಿದೆ ಅದರಲ್ಲಿ. ಅಭಿ ಎರಡು ವರ್ಷದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಿದ್ದಾನೆ. ಅದನ್ನು ಅಳಿಸಿದರೆ ಅವನು ಮಾಡಿದ್ದನ್ನೇ ನಾನೂ ಮಾಡಿದ ಹಾಗಾಯಿತು. ಫೋಲ್ಡರು ಮಾತ್ರ ಸಾಕಮ್ಮ.

ಮುಂದಿನ ಶನಿವಾರ, ಮೂವತ್ತಕ್ಕೆ, ಹನ್ನೊಂದು ಗಂಟೆಗೆ ಠಾಣೆ ಸ್ಟೇಷನ್ನಿಗೆ ಬರುತ್ತೇನೆ. ನಿನ್ನ ಕಡೆಯ ಗಾಡಿ ನಿಲ್ಲುವ ಪ್ಲಾಟ್‌ಫಾರಂ ಹತ್ತಿರ, ಮೊದಲ ಬೆಂಚು.

ಅಭಿಗೆ ನಾನೇ ಹೇಳುತ್ತೇನೆ, ಪೂರ್ತಿ ಸತ್ಯ. ಎಲ್ಲೋ ಹಳೆಯ ಸಿ.ಡಿ.ಯಲ್ಲಿ ಸಿಕ್ಕಿತೆಂದು ಒಂದು ಬುರುಡೆ ಬಿಡಬಹುದಿತ್ತು. ಆದರೆ ನೀನು ಒಂದು ಸುಳ್ಳಿನಿಂದ ಇಷ್ಟು ಬೆಂದದ್ದನ್ನು ಓದಿದ ಮೇಲೆ ನನಗೆ ಇನ್ನೊಂದು ಬೇಡ.

ಮಾವ


ಘನ್ಸೋಲಿ,
೧ ಸೆಪ್ಟೆಂಬರ್ ೨೦೨೫

ಮಾವನವರಿಗೆ ನಮಸ್ಕಾರಗಳು.

ಶನಿವಾರ ಠಾಣೆಯಿಂದ ಮನೆಗೆ ಬಂದು ನೀವು ಕೊಟ್ಟ ಡಬ್ಬಿ ತೆರೆದೆ. ಗಣಪತಿಯ ಪಂಚಕಜ್ಜಾಯವನ್ನು ಎರಡು ದಿನ ಊಟಕ್ಕೂ ತಿಂಡಿಗೂ ತಿಂದೆ.

ಬೆಂಚಿನ ಮೇಲೆ ಅಷ್ಟು ಹೊತ್ತು ಕೂತು, ಮೂರು ಗಾಡಿ ಬಿಟ್ಟರೂ ನಾವಿಬ್ಬರೂ ಮಾತಾಡಿದ್ದು ಮಳೆಯ ವಿಷಯ. ನೀವು ತುಂಬಾ ಇಳಿದುಹೋಗಿದ್ದೀರಿ ಎಂದು ಹೇಳಬೇಕೆಂದಿದ್ದೆ. ಅತ್ತೆ ಹೋದ ಮೇಲೆ ನಾವು ಮೂವರೂ ಒಂದೇ ಮನೆಯಲ್ಲಿ ಬೇರೆ ಬೇರೆ ಅತ್ತೆವು, ಒಟ್ಟಿಗೆ ಅತ್ತಿದ್ದರೆ ನಾನು ಹೊರಡುತ್ತಿರಲಿಲ್ಲವೇನೋ ಎಂದೂ ಹೇಳಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ. ಕಾಗದದಲ್ಲಿ ಬರುತ್ತದೆ.

ನಿಮ್ಮ ಕೈಗಿತ್ತ ಪೆನ್‌ಡ್ರೈವಿನಲ್ಲಿ ಎಲ್ಲ ಫೈಲ್ ತೆರೆಯುತ್ತದೆಯೇ ಎಂದು ಮೊದಲೇ ನೋಡಿದ್ದೇನೆ. ಒಂದೊಂದನ್ನು ಎರಡೆರಡು ಸೆಕೆಂಡ್ ಕೇಳಿ ನಿಲ್ಲಿಸಿದೆ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಇಮೇಜ್ ಇನ್ನೂ ನನ್ನ ಹತ್ತಿರವೇ ಇದೆ. ಅಭಿ ಅಳಿಸು ಎಂದರೆ ಅವರ ಕಣ್ಣೆದುರೇ ಅಳಿಸುತ್ತೇನೆ. ಹಾಗೆಂದು ಅವರಿಗೆ ಹೇಳಿ.

ಅಪರ್ಣಾ


ಡೊಂಬಿವಲಿ,
೧೮ ಸೆಪ್ಟೆಂಬರ್ ೨೦೨೫

ಚಿ. ಅಪರ್ಣಾಳಿಗೆ ಆಶೀರ್ವಾದಗಳು.

ಹೇಳುತ್ತೇನೆ ಹೇಳುತ್ತೇನೆ ಎಂದು ಎರಡೂವರೆ ವಾರ ದೂಡಿದೆ. ಇವತ್ತು ದ್ವಾದಶಿ. ಬೆಳಿಗ್ಗೆ ಬಾಗಿಲು ಮುಚ್ಚದೆ, ದನಿ ತಗ್ಗಿಸದೆ, ಏಳನೆಯದನ್ನು ಹಾಕಿದೆ. "ಒಣಮಾವು ಮೊದ್ಲೇ ನೆನೆ ಹಾಕ್ಬೇಕು ಮಗಾ. ಜೀರಿಗೆ ಹುರಿವಾಗ ಫೋನ್ ನೋಡ್ಬೇಡ, ಸೀದು ಹೋಗ್ತದೆ" ಎಂದು ಅವಳು ನಿನಗೆ ಗದರುವುದು ಇಡೀ ಮನೆಗೆ ಕೇಳಿತು.

ಅಭಿ ಎಂಟು ಹನ್ನೆರಡರ ಫಾಸ್ಟ್ ಲೋಕಲ್ ಹಿಡಿಯಲು ಒಂದು ಕಾಲಿಗೆ ಬೂಟು ಹಾಕಿದ್ದ. ಇನ್ನೊಂದು ಬೂಟು ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ರೆಕಾರ್ಡಿಂಗಿನಲ್ಲಿ ಅವನೇ ಅಡುಗೆಮನೆಗೆ ಬಂದು ಕಾಫಿ ಕೇಳುತ್ತಾನೆ. ವೇದಾ, "ನಿನ್ನ ಹೆಂಡ್ತಿ ಈಗ ಪಾಠದಲ್ಲಿದ್ದಾಳೆ, ನೀನೇ ಮಾಡ್ಕೊ. ನಮ್ಮಿಬ್ರಿಗೂ ಕೊಡು" ಎನ್ನುತ್ತಾಳೆ. ಮೂವರೂ ನಗುತ್ತೀರಿ. ನೀನು ಎಷ್ಟು ಜೋರಾಗಿ ನಗುತ್ತಿದ್ದೆ ಎಂಬುದು ನನಗೂ ಮರೆತುಹೋಗಿತ್ತು.

ಮುಗಿದ ಮೇಲೆ ಅವನು ಕೇಳಿದ್ದು ಒಂದೇ. "ಯಾವ ಫೋಲ್ಡರ್, ಅಪ್ಪಾ?" ನಿನ್ನ ಹೆಸರಿನದೆಂದೂ, ನೀನೇ ಉಳಿಸಿಕೊಟ್ಟದ್ದೆಂದೂ ಹೇಳಿದೆ. ನೆಲದ ಮೇಲೆ ಕೂತುಬಿಟ್ಟ. ಮುಚ್ಚಿಟ್ಟಿದ್ದಕ್ಕೆ ನನ್ನ ಮೇಲೆ ರೇಗಬಹುದೆಂದುಕೊಂಡಿದ್ದೆ. ಅವನು ಅಮ್ಮಾ ಅಮ್ಮಾ ಎಂದು ಸಣ್ಣ ಮಗುವಿನ ಹಾಗೆ ಅತ್ತ. ನಾನೂ ಪಕ್ಕದಲ್ಲಿ ಕೂತು ಅತ್ತೆ. ನೀನು ಬರೆದದ್ದು ನಿಜ, ಇದನ್ನು ನಾವು ಮೂರು ವರ್ಷ ಮೊದಲೇ ಮಾಡಬೇಕಿತ್ತು. ಆಮೇಲೆ ಆಫೀಸಿಗೆ ರಜೆ ಹಾಕಿ, ಸಂಜೆಯವರೆಗೆ ಮೂವತ್ತೊಂದನ್ನೂ ಕೇಳಿದ.

ನಿನ್ನ ಕೊನೆಯ ಕಾಗದವನ್ನು ಅವನ ಕೈಗೆ ಕೊಟ್ಟೆ. ಇದರ ಕೆಳಗೆ ನಾಲ್ಕು ಸಾಲು ಅವನೇ ಬರೆದಿದ್ದಾನೆ. ಕನ್ನಡ ಬರೆದು ರೂಢಿಯಿಲ್ಲ, ಒತ್ತಕ್ಷರ ನಾನು ತಿದ್ದಿದ್ದೇನೆ. ಮಾತು ಅವನದೇ.

ಮಾವ

ಅಪರ್ಣಾ, ನಾನು ಅಭಿಜಿತ್. ಆ ದಿನ ಕೋರ್ಟಿನ ಹೊರಗೆ ನಮ್ಮ ಮನೆಯದು ಏನೂ ನಿನ್ನ ಹತ್ತಿರ ಇರಬಾರದು ಅಂದೆ. ನೀನು ಸುಳ್ಳು ಹೇಳಿದ್ದು ಒಳ್ಳೆಯದಾಯಿತು. ನೀನು ನಿಜ ಹೇಳಿದ್ದರೆ ನಾನು ಅಲ್ಲೇ ಅಳಿಸಲು ಹೇಳುತ್ತಿದ್ದೆ, ನನಗೆ ನನ್ನ ಸಿಟ್ಟು ಗೊತ್ತು. ರಮಿತಾಗೆ ಎಲ್ಲ ಹೇಳಿದ್ದೇನೆ. ಇಮೇಜ್ ಅಳಿಸಬೇಡ. ಎರಡು ಸೆಕೆಂಡ್ ಕೇಳಿ ನಿಲ್ಲಿಸಬೇಡ, ಪೂರ್ತಿ ಕೇಳು. ಅಮ್ಮ ಅದನ್ನೆಲ್ಲ ಹೇಳಿದ್ದು ನಿನಗೆ.